ಮೂವತ್ತೇಳು ಬಾಗಿಲಿನ ಮನೆ

ಲೋಕೇಶನ ಸರ್ವನಾಶಕ್ಕೆ ಕಾರಣವಾದದ್ದು ಬೆಂಕಿಪೊಟ್ಟಣದಷ್ಟು ಅಗಲದ ಒಂದು ಚೌಕ. ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಹೊಸಬೋರೆಯ ಡೈರಿಯಲ್ಲಿ ಹಾಲಿನ ಫ್ಯಾಟು ನೋಡಿ, ಕ್ಯಾನುಗಳನ್ನು ಲಾರಿಗೆ ಏರಿಸಿ, ಕೈ ಒರೆಸಿಕೊಂಡು ಹಿಂದಿನ ಕೋಣೆಯಲ್ಲಿ ಕಂಪ್ಯೂಟರು ಹಾಕಿದನೋ ಇಲ್ಲವೋ, ಆ ಚೌಕ ಪರದೆಯ ನಡುವೆ ಬಂದು ಕೂತಿತ್ತು. ಇಂಗ್ಲಿಷಿನ ಮೊದಲ ಸಾಲಿನ ಅರ್ಥ ಇಷ್ಟು: ಇವತ್ತು ಸಂಜೆ ನಾಲ್ಕಕ್ಕೆ ಹೊಸ ಅಪ್‌ಡೇಟು ಬರುತ್ತದೆ, ಹಳೆಯ ಊರುಗಳು ಇದ್ದ ಹಾಗೆ ಉಳಿಯುವುದಿಲ್ಲ. ಕೆಳಗೆ ಎಳೆದರೆ ಇನ್ನೂ ಒಂದು ಮಾರುದ್ದ ಬರೆದಿತ್ತು. ಓದಲು ಲೋಕೇಶನಿಗೆ ಕಣ್ಣೇ ಉಳಿದಿರಲಿಲ್ಲ.

ಅದು ಊರು ಕಟ್ಟುವ ಆಟ. ಕಂಪನಿಯವರು ಅದನ್ನು ಪೂರ್ತಿ ಮಾಡುವ ಮುಂಚೆಯೇ ಮಾರಿದ್ದರು. ಅದಕ್ಕೆ ಅರ್ಲಿ ಆಕ್ಸೆಸ್ ಅಂತ ಹೆಸರು. ಮೋಲ್ಡು ಹಾಕುವ ಮುಂಚೆ ಗೃಹಪ್ರವೇಶ ಮಾಡಿಸಿ, ನೆಂಟರು ಉಣ್ಣುತ್ತಿರುವಾಗ ಎಲೆಯ ಪಕ್ಕದಲ್ಲೇ ಗೋಡೆ ಒಡೆದು ಕಟ್ಟಿದ ಹಾಗೆ. ಹಿಂದೆ ಎರಡು ಸಲ ಅಪ್‌ಡೇಟು ಬಂದಾಗ ಸೇವ್ ಮಾಡಿಟ್ಟ ಊರು ತೆರೆಯದೇ ಹೋಗಿತ್ತು. ಮೊದಲ ಸಲ ಲೋಕೇಶ ಹನ್ನೊಂದು ದಿನ ಗಡ್ಡ ಬಿಟ್ಟಿದ್ದ. ಎರಡನೆಯ ಸಲ ಅವನ ದುಃಖ ನೋಡಿ ಊರಿನ ಹಸುಗಳೆಲ್ಲ ಫ್ಯಾಟು ಇಳಿಸಿಬಿಟ್ಟವು. ಡೈರಿಯ ಪುಸ್ತಕದಲ್ಲಿ ಇವತ್ತಿಗೂ ಅದು ದಾಖಲಾಗಿದೆ.

ಈಗಿನದು ಮೂರನೆಯ ಊರು, ಎರಡು ವರ್ಷದ ದುಡಿಮೆ. ಹೊಸಬೋರೆಯ ನಲವತ್ತು ಮನೆಗಳನ್ನೂ ಲೋಕೇಶ ಅದರೊಳಗೆ ಕಟ್ಟಿ, ಅವರವರ ಹೆಸರೇ ಇಟ್ಟಿದ್ದ. ಶ್ರೀರಂಗಪಟ್ಟಣದಿಂದ ನೆಂಟರು ಬಂದರೆ ಮೊದಲು ಡೈರಿಗೆ ಕರೆತಂದು ಪರದೆ ತೋರಿಸಿ, ಆಮೇಲೆ ಕಾಫಿ ಕೊಡುವುದು ಊರಿನ ಪದ್ಧತಿಯಾಗಿತ್ತು. ಪಕ್ಕದ ಮನೆಯ ದ್ಯಾವಮ್ಮನಿಗೆ ಇಲ್ಲಿ ಇದ್ದದ್ದು ಒಂದೇ ಹಸು, ಅಲ್ಲಿ ಹನ್ನೆರಡು. ಆಕೆ ದಿನಾ ಹಾಲು ಹಾಕಿದ ಮೇಲೆ ಒಳಗೆ ಬಂದು ಹನ್ನೆರಡನ್ನೂ ಎಣಿಸಿಯೇ ಮನೆಗೆ ಹೋಗುತ್ತಿದ್ದಳು.

ನಲವತ್ತೊಂದನೆಯದು, ಹೊಳೆಯ ದಂಡೆಯಲ್ಲಿ, ಲೋಕೇಶನ ಸ್ವಂತ ತೊಟ್ಟಿಮನೆ. ನೂರೊಂದು ಕಂಬ, ಮೂವತ್ತೇಳು ಬಾಗಿಲು. ಅದನ್ನು ನೋಡಿದ ಕೆ.ಆರ್. ಪೇಟೆಯ ಮೇಸ್ತ್ರಿಯೊಬ್ಬ ಒಂದು ವಾರ ಕರಣೆ ಮುಟ್ಟಲಿಲ್ಲವಂತೆ. ಹೊರಗಿನ ಲೋಕದಲ್ಲಿ ಮಾತ್ರ ಲೋಕೇಶ ಡೈರಿಯ ಹಿಂದೆ ಎರಡು ಶೀಟಿನ ಕೋಣೆಯಲ್ಲಿ ಬಾಡಿಗೆಗಿದ್ದ. ಅಲ್ಲಿನ ಬಚ್ಚಲಿಗೆ ಗೋಣಿಪರದೆ.

"ಅಲ್ಲಿ ಮೂವತ್ತೇಳು ಮಡಗವ್ರೆ," ಎನ್ನುತ್ತಿದ್ದಳು ಹೆಂಡತಿ ಪವಿತ್ರ. "ಇಲ್ಲಿಗೆ ಒಂದು ತಂದಾಕಿ ಅಂತ ಮೂರು ವರ್ಸದಿಂದ ಬಡ್ಕತಾವ್ನಿ."

ಲೋಕೇಶನ ಆಸೆ ದೊಡ್ಡದೇನಲ್ಲ. ನಾಲ್ಕು ಗಂಟೆಯವರೆಗೆ ಒಬ್ಬನೇ ಕೂತು, ಮೂವತ್ತೇಳು ಬಾಗಿಲನ್ನೂ ಕೊನೆಯದಾಗಿ ಒಂದೊಂದು ಸಲ ತೆಗೆದು ಮುಚ್ಚಬೇಕು. ಮೂರನೆಯ ಬಾಗಿಲಲ್ಲಿರುವಾಗ ದ್ಯಾವಮ್ಮ ಹಸು ಎಣಿಸಲು ಬಂದಳು.

"ಯಾಕ್ಲಾ ಲೋಕೇಸ, ಮಕ ಒಡೆದ ಹಾಲಿನಂಗಾಗೈತೆ?"

"ನಾಕು ಗಂಟೆಗೆ ಊರು ಓಯ್ತದೆ ಕಣತ್ತೆ."

"ಯಾವೂರು?"

"ಇದೇ."

"ನನ್ನ ಹಸ?"

"ಎಲ್ಲಾನೂವೆ."

ದ್ಯಾವಮ್ಮ ಹೊರಗೆ ನಿಂತು ಒಂದೇ ಒಂದು ಸಲ ಕೂಗಿದಳು. ಬಿಂಡಿಗನವಿಲೆಯಲ್ಲಿ ಮೇಯುತ್ತಿದ್ದ ಕುರಿಗಳು ತಲೆಯೆತ್ತಿ ನೋಡಿದವು. ಹತ್ತು ನಿಮಿಷದಲ್ಲಿ ನಲವತ್ತು ಮನೆಯವರೂ ಡೈರಿಯಲ್ಲಿದ್ದರು. ಎಂಬತ್ತಾರರ ಹೊನ್ನಪ್ಪನನ್ನು ಕುರ್ಚಿಸಮೇತ ಎತ್ತಿಕೊಂಡು ಬಂದು ಪರದೆಯ ಮುಂದೆ ಇಟ್ಟರು.

"ಮುಳುಗಡೆಯೇನ್ಲಾ?" ಎಂದ ಹೊನ್ನಪ್ಪ.

"ಮುಳುಗಡೆ ಅಲ್ಲ ತಾತ, ಅಪ್‌ಡೇಟು."

"ಎಸ್ರು ಏನಾರ ಇರ್ಲಿ. ಇಂತಾ ದಿನ ಇಷ್ಟೊತ್ಗೆ ನಿಮ್ಮೂರು ಇರಾಕಿಲ್ಲ ಅಂತ ಮೇಲಿಂದ ಕಾಗ್ದ ಬಂದೈತೋ ಇಲ್ವೋ?"

"ಬಂದೈತೆ."

"ಮತ್ತೆ ಮುಳುಗಡೆ ಅಲ್ದೆ ಇನ್ನೇನ್ಲಾ?"

ಜನ ತಲೆಯಾಡಿಸಿದರು. ಕನ್ನಂಬಾಡಿ ಕಟ್ಟೆ ಕಟ್ಟಿದಾಗ ಇವರ ಹಳೆಯೂರು ನೀರಿನಡಿ ಹೋಗಿ, ಹಿರಿಯರು ಬಾಗಿಲು ತೊಲೆ ಬಿಚ್ಚಿಕೊಂಡು ಈ ಬೋರೆ ಹತ್ತಿದ್ದರು. ಹೊನ್ನಪ್ಪ ಹುಟ್ಟಿದ್ದು ಅದಾದ ಎಷ್ಟೋ ವರ್ಷಕ್ಕೆ. ಆದರೂ ಅವನು ಹೇಳುವಾಗ ದೇವರು, ಬಾಗಿಲುವಾಡ ಮತ್ತು ಒಂದು ಜೊತೆ ಎತ್ತನ್ನು ಅವನೇ ಹೆಗಲ ಮೇಲೆ ಹೊತ್ತು ತಂದಿರುತ್ತಿದ್ದ.

"ಮೊದ್ಲು ದೇವ್ರು. ಆಮೇಕೆ ದನ. ಆಮೇಕೆ ಬಾಗ್ಲು, ತೊಲೆ. ಕೊನೇಗೆ ಜನ. ಎತ್ರದ ಜಾಗ ಎಲ್ಲೈತೆ ತೋರ್ಸು."

"ತಾತ, ಆಟಾನೇ ಓಯ್ತದೆ. ಗುಡ್ಡಾನೂ ಅದ್ರ ಜೊತೇಲೇ ಓಯ್ತದೆ."

"ನೀರು ಅಲ್ಲೀಗಂಟ ಬರಾಕಿಲ್ಲ ಬುಡು. ಒತ್ಕೊಂಡು ನಡಿ."

ನಲವತ್ತು ಮನೆಯವರಿಗೆ ಅಪ್‌ಡೇಟಿನ ತತ್ವ ಬಿಡಿಸಿ ಹೇಳುವುದಕ್ಕಿಂತ ಗುಡ್ಡ ಹತ್ತುವುದೇ ಮೇಲು ಎಂದು ಲೋಕೇಶ ಮೌಸು ಹಿಡಿದ. ಆಟದೊಳಗಿನ ಲೋಕೇಶ ಊರದೇವತೆ ಮಾರಮ್ಮನನ್ನು ಗಾಡಿಯಲ್ಲಿ ಕೂರಿಸಿದ.

"ಬೂಟು ಬಿಚ್ಚಿಸ್ಲಾ ಅವನ್ದು. ದೇವ್ರ ಗಾಡಿ ಎಳೀತಾವ್ನೆ."

"ಈ ಆಟ್ದಲ್ಲಿ ಬೂಟು ಬಿಚ್ಚಾಕಾಗಕಿಲ್ಲ ತಾತ."

"ಅಂಗಾರೆ ನೀನ್ ಬಿಚ್ಚು."

ಲೋಕೇಶ ಮೇಜಿನಡಿ ಚಪ್ಪಲಿ ಬಿಟ್ಟ. ಹಿಂದೆ ನಿಂತವರೂ ಬಿಟ್ಟರು. ಯಾರೋ ಹೆಂಗಸು ಸೋಬಾನೆ ಎತ್ತಿದಳು. ಮಾರಮ್ಮ ಏರು ಹತ್ತುತ್ತ ಹತ್ತುತ್ತ ಹಿಂದೆ ಊರು ಇಷ್ಟಿಷ್ಟೇ ಚಿಕ್ಕದಾಯಿತು. ಗುಡ್ಡದ ತುದಿಯಲ್ಲಿ ಗಾಡಿ ನಿಂತಾಗ ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಆಮೇಲೆ ಶುರುವಾಯಿತು ಜಾಗದ ಜಗಳ. ಇಲ್ಲಿ ಅಕ್ಕಪಕ್ಕ ಇದ್ದವರು ಅಲ್ಲಿ ಅಕ್ಕಪಕ್ಕ ಬೇಡವೆಂದರು. ಗುಡ್ಡದ ಮೇಲೆ ಪೂರ್ವ ಯಾವ ಕಡೆ ಎಂದು ಇಬ್ಬರು ಕೈ ಕೈ ಮಿಲಾಯಿಸಿದರು. ಕೊನೆಗೆ ಪಂಚಾಯ್ತಿ ಮೆಂಬರು ನಿಂಗರಾಜು ಚೀಟಿ ಬರೆದು, ಹಾಲಿನ ಕ್ಯಾನಿನಲ್ಲಿ ಹಾಕಿ ಕುಲುಕಿದ. ಗುಡ್ಡದಲ್ಲಿ ಜಾಗ ಇದ್ದದ್ದು ಸರಿಯಾಗಿ ನಲವತ್ತೊಂದು ಮನೆಗೆ.

"ನಿಂದೂ ಒಂದು ಚೀಟಿ ಬರೀಲೇನ್ಲಾ?"

"ನಂಗೆ ಬ್ಯಾಡ ಕಣಣ್ಣ. ಮೂವತ್ತೇಳು ಬಾಗ್ಲು ಬಿಚ್ಚಾಕೆ ಮೂರು ತಿಂಗ್ಳು ಬೇಕು. ಎಂಗೂ ನಾಕಕ್ಕೆ ಎಲ್ಲಾ ಒಂದೇಯ."

"ಅಂಗಾರೆ ಆ ಜಾಗ್ದಲ್ಲಿ ನಂದೊಂದು ಕೊಟ್ಟಿಗೆ ಬರ್ಲಿ," ಎಂದಳು ದ್ಯಾವಮ್ಮ. "ಅನ್ನೆರಡು ಹಸ, ಎಲ್ಲಿ ಕಟ್ಲಿ?"

ಯಾರೂ ಬೇಡವೆನ್ನಲಿಲ್ಲ. ಲೋಕೇಶ ನೀರು ಕುಡಿಯಲಿಲ್ಲ, ಉಣ್ಣಲಿಲ್ಲ. ಮೌಸು ದೋಸೆಹಂಚಿನ ಹಾಗೆ ಕಾದಿತ್ತು. ಮೂರು ಐವತ್ತೆಂಟಕ್ಕೆ ಕೊನೆಯ ಮನೆಯ ಕೊನೆಯ ತೊಲೆ ಗುಡ್ಡ ಸೇರಿತು. ಜನರೆಲ್ಲ ಮೇಲೆ. ಉಳಿದ ಎರಡು ನಿಮಿಷದಲ್ಲಿ ಅವನು ತನ್ನ ಮನೆಯ ನಾಲ್ಕನೆಯ ಬಾಗಿಲು ತೆಗೆದು ಮುಚ್ಚಿದ. ಐದನೆಯದಕ್ಕೆ ಪರದೆ ಕಪ್ಪಾಯಿತು.

ಅಪ್‌ಡೇಟು ಇಳಿಯಿತು. ಮತ್ತೆ ಬೆಳಕಾದಾಗ ಎಲ್ಲೆಲ್ಲೂ ನೀಲಿ. ಹೊಳೆಗೆ ಅಡ್ಡವಾಗಿ ಈ ಗುಡ್ಡದಿಂದ ಆ ಗುಡ್ಡಕ್ಕೆ ಒಂದು ಕಟ್ಟೆ ಎದ್ದಿತ್ತು. ನೀರು ಗದ್ದೆ ನುಂಗಿತು, ಬೀದಿ ನುಂಗಿತು, ಖಾಲಿ ಗೋಡೆಗಳನ್ನು ಒಂದೊಂದಾಗಿ ನುಂಗುತ್ತ ಮೇಲೇರಿತು. ಹಿರಿಯರ ಬಾಯಲ್ಲಿ ಕೇಳಿದ್ದನ್ನು ಹೊಸಬೋರೆ ಮೊದಲ ಸಲ ಕಣ್ಣಾರೆ ನೋಡುತ್ತಿತ್ತು. ಹೊನ್ನಪ್ಪ ತಲೆಯ ಟವೆಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ನಮ್ಮಪ್ಪ ಯೋಳಿದ್ದು ದಿಟ ಕಣ್ರಲಾ," ಎಂದ. ದನಿ ಸಣ್ಣಗಿತ್ತು. "ಸದ್ದೇ ಇರಾಕಿಲ್ಲ ಅಂದಿದ್ದ."

ನೀರು ಗುಡ್ಡದ ಪಾದಕ್ಕೆ ಬಂದು ನಿಂತಿತು. ಮೇಲೆ ನಲವತ್ತು ಮನೆ, ಮಾರಮ್ಮ, ಹನ್ನೆರಡು ಹಸು, ಎಲ್ಲ ಇದ್ದ ಹಾಗೇ. ಕೆಳಗೆ ನೂರೊಂದು ಕಂಬದ ಮನೆಯ ಹೆಂಚು ಒಂದು ಗಳಿಗೆ ಕಂಡು ಮುಳುಗಿತು. ಅದರ ಕಿಟಕಿಯಿಂದ ಎಮ್ಮೆಯಷ್ಟು ದಪ್ಪದ ಮೀನೊಂದು ಹೊರಬಂತು.

ಪವಿತ್ರ ಮುಂದೆ ಬಂದು ಬೆಳಗಿನ ಚೌಕವನ್ನು ತೆಗೆದು ಕೆಳಗೆ ಎಳೆದು ಓದಿದಳು. "ಹೊಸದಾಗಿ ಅಣೆಕಟ್ಟು ಸೇರಿಸಿದ್ದೇವೆ, ತಗ್ಗಿನಲ್ಲಿರೋ ಮನೆಗಳನ್ನ ನಾಲ್ಕು ಗಂಟೆಯೊಳಗೆ ಎತ್ತರಕ್ಕೆ ಸಾಗಿಸಿ ಅಂತ ಬರೆದವ್ರೆ. ಇದ್ನ ಓದ್ನಿಲ್ವಾ ನೀವು?"

ಲೋಕೇಶ ನಿಂಗರಾಜುವಿನ ಕಡೆ ತಿರುಗಿದ. "ಅಣ್ಣ, ಆ ನಲವತ್ತೊಂದನೇ ಜಾಗ..."

"ಅಲಾಟ್ ಆಗೋಯ್ತಲ್ಲ. ಒಂದು ಅರ್ಜಿ ಕೊಟ್ಟಿರು, ನೋಡಾಣ."

"ಊರ್ ಕಟ್ಟಿದ್ದು ನಾನು ಕಣಣ್ಣ."

"ಕಟ್ಟೆ ಕಟ್ದೋರ್ಗೂ ಊರಲ್ಲಿ ಜಾಗ ಕೊಡ್ನಿಲ್ಲ ಕಣ್ಲಾ," ಎಂದ ಹೊನ್ನಪ್ಪ. ನಲವತ್ತು ಮನೆಯೂ ಹೌದೆಂದಿತು.

ದ್ಯಾವಮ್ಮನಿಗೆ ಕನಿಕರ ಬಂತು. "ಓಗ್ಲಿ, ನನ್ನ ಕೊಟ್ಟಿಗೇಲಿ ಒಂದು ಮೂಲೆ ಐತೆ. ಇರ್ಲಿ. ಅನ್ನೆರಡರ ಸಗಣಿ ಬಾಚಾಕ್ತಾನೆ."

ಆಟದೊಳಗಿನ ಲೋಕೇಶ ಬೂಟುಗಾಲಿನಲ್ಲೇ ಹಸುಗಳ ನಡುವೆ ಹೋಗಿ ಮೂಲೆಯಲ್ಲಿ ನಿಂತ. ಹೊರಗೆ ಸಂಜೆಯ ಹಾಲಿನ ಸಾಲು ಬೆಳೆಯುತ್ತಿತ್ತು. ಪವಿತ್ರ ಪರದೆಗೆ ಮೂಗು ಮುಟ್ಟುವಷ್ಟು ಬಗ್ಗಿ ನೋಡಿದಳು.

"ಆ ಕೊಟ್ಟಿಗೇಗಾದ್ರೂ ಬಾಗ್ಲು ಐತಾ?"

ಇರಲಿಲ್ಲ. ಗೋಣಿಪರದೆ ಇತ್ತು.