ಸಂಕದ ಸಂಕಟ

ಯಾದವನಿಗೆ ಹೆದರಿಕೆಯ ಕಾಯಿಲೆ ಇಲ್ಲವೆಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಗತಿಯೇನು ಎಂಬ ಹೆದರಿಕೆ ಮಾತ್ರ ಅವನಿಗೆ ಹನ್ನೆರಡು ವರ್ಷಗಳಿಂದ ಇತ್ತು. ಶುಕ್ರವಾರ ಬೆಳಿಗ್ಗೆ ಅವನ ಹೆಂಡತಿ ದಮಯಂತಿ ದೋಸೆ ಮಗುಚುತ್ತ ಆ ಹೆದರಿಕೆಗೆ ತಾರೀಕು ನಿಗದಿ ಮಾಡಿದಳು. (ಮನೆಮಾತು ತುಳು. ಓದುವವರ ಅನುಕೂಲಕ್ಕೆ ಕನ್ನಡದಲ್ಲಿ ಬಡಿಸಿದೆ.)

"ಆದಿತ್ಯವಾರ ಹತ್ತು ಗಂಟೆಗೆ ಕಂಕನಾಡಿಗೆ ಹೋಗ್ಲಿಕ್ಕುಂಟು. ಡೆನ್ಜಿಲ್ ಅಂತ ಒಬ್ಬರು ಹಿಪ್ನೋಥೆರಪಿ ಮಾಡ್ತಾರಂತೆ. ಎನ್ನೆಲ್ಪಿ ಕೂಡ. ನಿಮ್ಮ ಸಂಕದ ಹೆದರಿಕೆ ಒಂದೇ ಸಿಟ್ಟಿಂಗಲ್ಲಿ ಹೋಗ್ತದಂತೆ."

"ಎನ್ನೆಲ್ಪಿ ಅಂದ್ರೆ ಎಂತ?"

"ಮಾತಿನಿಂದಲೇ ಮನಸ್ಸನ್ನು ರಿಪೇರಿ ಮಾಡುವುದು."

"ಅದನ್ನು ನೀನು ಮದುವೆ ಆದಾಗಿನಿಂದ ಮಾಡ್ತಾ ಇದ್ದಿಯಲ್ಲ."

"ನಾನು ಮಾಡುವುದು ಮೇಲಿನ ಮನಸ್ಸಿಗೆ. ಅವರು ಒಳಗಿನ ಮನಸ್ಸಿಗೆ ಇಳೀತಾರೆ. ಅಲ್ಲಿರುವುದನ್ನೆಲ್ಲ ಹೊರಗೆ ತೆಗೀತಾರೆ."

ಯಾದವ ದೋಸೆಯ ತಟ್ಟೆಯನ್ನು ಆಚೆ ಸರಿಸಿದ.

ವಿಷಯ ಇಷ್ಟೇ. ದಮಯಂತಿಯ ತವರು ಉಳ್ಳಾಲ. ಮಂಗಳೂರಿನ ಕುದ್ರೋಳಿಯಲ್ಲಿರುವ ಇವರ ಮನೆಯಿಂದ ಅಲ್ಲಿಗೆ ಹೋಗಬೇಕಾದರೆ ನೇತ್ರಾವತಿಯ ಸೇತುವೆಯನ್ನು, ಅಂದರೆ ನಮ್ಮವರ ಸಂಕವನ್ನು, ದಾಟಬೇಕು. ಮಾವ ಮಾಯಿಲಪ್ಪ ಒಂದು ಕಾಲದಲ್ಲಿ ದೊಡ್ಡ ಬೋಟಿನ ಚುಕ್ಕಾಣಿ ಹಿಡಿದಿದ್ದ ತಾಂಡೇಲ. ಆದಿತ್ಯವಾರ ಊಟವಾದ ಕೂಡಲೇ ಆ ಮಹಾನುಭಾವರು ತಾವು ಹಿಂದೆ ತೂಫಾನಿನಿಂದ ಪಾರಾದ ಕಥೆಯನ್ನು ಪ್ರಾತ್ಯಕ್ಷಿಕೆ ಸಹಿತ ಹೇಳುತ್ತಿದ್ದರು. ಪ್ರಾತ್ಯಕ್ಷಿಕೆಗೆ ಚುಕ್ಕಾಣಿ ಬೇಕು. ಚುಕ್ಕಾಣಿ ಎಂದರೆ ಅಳಿಯನ ಕುತ್ತಿಗೆ. ಗಾಳಿ ಪಡುವಣದಿಂದ ಬಂದರೆ ಎಡಕ್ಕೆ, ತೆಂಕಣದಿಂದ ಬಂದರೆ ಬಲಕ್ಕೆ, ಮೂರು ಗಂಟೆ ಕಾಲ ತಿರುಗಿಸಿ ಬೋಟನ್ನು ದಡ ಸೇರಿಸುವಷ್ಟರಲ್ಲಿ ಯಾದವನ ತಲೆ ಯಾವ ದಿಕ್ಕಿಗಿದೆಯೆಂದು ಅವನಿಗೇ ತಿಳಿಯುತ್ತಿರಲಿಲ್ಲ. ಹೀಗೆ ನಾಲ್ಕು ಆದಿತ್ಯವಾರ ಸಹಿಸಿದ. ಐದನೆಯದಕ್ಕೆ ಸಂಕದ ನಡುವೆ ತಲೆ ಹಿಡಿದುಕೊಂಡು "ವರ್ಟಿಗೋ" ಎಂದು ನರಳಿದ. ಅಂದಿನಿಂದ ಅವನಿಗೆ ಉಳ್ಳಾಲದಿಂದ ಬಿಡುಗಡೆ. ಆದಿತ್ಯವಾರ ದಮಯಂತಿ ಒಬ್ಬಳೇ ಹೋಗಿಬರುತ್ತಿದ್ದಳು.

ಅಷ್ಟಕ್ಕೇ ಮುಗಿದಿದ್ದರೆ ಅಡ್ಡಿಯಿರಲಿಲ್ಲ. ದಮಯಂತಿ ದೇವರ ಮುಂದೆ ನಿಂತು, "ನನ್ನ ಗಂಡ ಸಂಕ ದಾಟುವವರೆಗೆ ಈ ಮನೆಯಲ್ಲಿ ನಾನು ಬಂಗುಡೆ ಮುಟ್ಟುವುದಿಲ್ಲ" ಎಂದು ಹರಕೆ ಹೊತ್ತುಬಿಟ್ಟಳು. ಮೀನುಗಾರರ ಮನೆಯ ಮಗಳು, ಬಂಗುಡೆ ಮೀನೆಂದರೆ ಜೀವ ಬಿಡುವವಳು. ಹನ್ನೆರಡು ವರ್ಷ ಅವಳು ಗಂಡನಿಗೆ ಬಂಗುಡೆಯ ಪುಳಿಮುಂಚಿ ಸಾರು ಬಡಿಸಿ, ತಾನು ಸೌತೆಕಾಯಿ ಹುಳಿಯಲ್ಲಿ ಉಂಡಳು. ಯಾದವನಿಗೆ ಒಂದೊಂದು ಮುಳ್ಳೂ ಎದೆಗೇ ಚುಚ್ಚುತ್ತಿತ್ತು. ಇಷ್ಟಾಗಿಯೂ ಬಲೆಯಂಗಡಿಯ ವ್ಯಾಪಾರಕ್ಕೆಂದು ಅವನು ಗುಟ್ಟಾಗಿ ಸಂಕದಾಚೆಯ ತೊಕ್ಕೊಟ್ಟಿಗೆ ಹೋಗಿಬಂದಿದ್ದ. ಒಟ್ಟು ಹದಿನಾಲ್ಕು ಸಲ, ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ, ಒಮ್ಮೆಯಂತೂ ನೆಲಗಡಲೆ ತಿನ್ನುತ್ತ. ಇದು ಹೊರಬಿದ್ದರೆ ದಮಯಂತಿ ತನ್ನ ಮುಖ ನೋಡಲಿಕ್ಕಿಲ್ಲ ಎಂಬುದು ಅವನಿಗೆ ಖಚಿತವಿತ್ತು.

ಬಂದರಿನಲ್ಲಿ ಅವನ ಅಂಗಡಿಯ ಪಕ್ಕದಲ್ಲೇ ಹಗ್ಗ ಮಾರುವ, ಗುಟ್ಟು ಗೊತ್ತಿದ್ದ ಒಬ್ಬನೇ ಗೆಳೆಯ ರವೂಫ್ ಈ ಹೆದರಿಕೆಗೆ ಒಗ್ಗರಣೆ ಹಾಕಿದ.

"ನಮ್ಮ ಸಂಬಂಧದವನೊಬ್ಬ ಸಿಗರೇಟು ಬಿಡ್ಲಿಕ್ಕೆ ಹಿಪ್ನೋಸಿಸ್ ಮಾಡಿಸಿದ್ದು. ಎಸ್ಸೆಲ್ಸಿಯಲ್ಲಿ ಕಾಪಿ ಹೊಡೆದದ್ದನ್ನು ಹೇಳಿಬಿಟ್ಟ ಮಾರಾಯ. ಈಗ ಸಿಗರೇಟು ಉಂಟು, ಮರ್ಯಾದೆ ಇಲ್ಲ."

"ಹಾಗಾದ್ರೆ ನನ್ನ ಕಥೆ ಮುಗೀತು."

"ಕನ್ನಡದಲ್ಲಿ ಮಾಡ್ಲಿಕ್ಕೆ ಹೇಳು. ಕನ್ನಡ ಅಂದ್ರೆ ನಮಗೆ ನಿದ್ರೆ ಬರುವುದಿಲ್ಲ, ಪರೀಕ್ಷೆಯ ನೆನಪು ಬರ್ತದೆ. ತುಳುವಿನಲ್ಲಿ ಮಾತ್ರ ಬಾಯಿ ಬಿಡಬೇಡ."

ಮಾತು ಯಾದವನ ಮನಸ್ಸಿಗೆ ನಾಟಿತು. ಹೌದು, ಈ ಸುಳ್ಳನ್ನು ಅವನು ತುಳುವಿನಲ್ಲಿ ಒಮ್ಮೆಯೂ ಹೇಳಿರಲಿಲ್ಲ. ನರಳಿದ್ದ, ಇಂಗ್ಲಿಷಿನಲ್ಲಿ ಒಂದು ಶಬ್ದ ಹೇಳಿದ್ದ, ಅಷ್ಟೆ. ತುಳುವಿನಲ್ಲಿ ಸುಳ್ಳು ಹೇಳಲು ಅವನ ನಾಲಗೆ ಏಳುತ್ತಲೇ ಇರಲಿಲ್ಲ.

ಆದಿತ್ಯವಾರ ಡೆನ್ಜಿಲರ ಕೋಣೆಯ ತಂಪಿನಲ್ಲೂ ಅವನು ಬೆವರಿದ. ಡೆನ್ಜಿಲ್ ಮೆತ್ತಗೆ ಮಾತಾಡುವ ಮನುಷ್ಯ, ಅದೇ ಇನ್ನಷ್ಟು ಭಯ ಹುಟ್ಟಿಸಿತು. ದಮಯಂತಿಯನ್ನು ಹೊರಗೆ ಕೂರಿಸಿ ಅವರು ವಿವರಿಸಿದರು: ಹೆದರಿಕೆಯೆಂದರೆ ಮನಸ್ಸು ಒಳಗೊಳಗೇ ಓಡಿಸುವ ಸಿನೆಮಾ. ಅದನ್ನು ಕಪ್ಪು ಬಿಳುಪು ಮಾಡಿ, ಹಿಂದಕ್ಕೆ ಓಡಿಸಿ, ಸಣ್ಣದು ಮಾಡಿದರೆ ಹೆದರಿಕೆಯೂ ಸಣ್ಣದಾಗುತ್ತದೆ.

"ಕನ್ನಡದಲ್ಲೇ ಮಾಡಿ ಡಾಕ್ಟ್ರೇ," ಯಾದವ ಕೈ ಮುಗಿದ.

"ನಾನು ಡಾಕ್ಟರಲ್ಲ. ಕನ್ನಡ ಆದೀತು." ಡೆನ್ಜಿಲ್ ಅವನ ಎಡಗೈಯ ಕಿರುಬೆರಳಿನ ಗೆಣ್ಣನ್ನು ಒತ್ತಿದರು. "ಇದು ಆಂಕರ್, ನಿಮ್ಮ ಬೋಟಿನ ಲಂಗರಿದ್ದ ಹಾಗೆ. ಇಲ್ಲಿ ಒತ್ತಿದಾಗೆಲ್ಲ ಮನಸ್ಸು ಹಗುರಾಗಿ ತೆರೆದುಕೊಳ್ತದೆ. ಈಗ ನಿಮ್ಮ ಕಣ್ರೆಪ್ಪೆಗಳು ಭಾರವಾಗುತ್ತಿವೆ. ತಾವು ಚಿತ್ರಮಂದಿರದಲ್ಲಿ ಆಸೀನರಾಗಿದ್ದೀರಿ."

'ಆಸೀನರಾಗಿದ್ದೀರಿ' ಕೇಳಿದ್ದೇ ಯಾದವ ನೆಟ್ಟಗೆ ಕುಳಿತ. ರವೂಫನ ಲೆಕ್ಕಾಚಾರ ಸರಿಯಿತ್ತು. ಪರದೆಯ ಮೇಲೆ ಸಂಕ ಬಂತು, ಕೆಳಗೆ ನೀರು ಬಂತು, ಡೆನ್ಜಿಲ್ ಹೇಳಿದಂತೆ ಅವನು ಅದನ್ನು ಮುಂದಕ್ಕೆ ಓಡಿಸಿದ, ಹಿಂದಕ್ಕೆ ಓಡಿಸಿದ, ಎಂಟು ಸಲ. ಬಾಯಿ ಮಾತ್ರ ಭದ್ರವಾಗಿತ್ತು.

ಅಷ್ಟರಲ್ಲಿ ಡೆನ್ಜಿಲರ ಕನ್ನಡ ಖರ್ಚಾಯಿತು. ಗೆಣ್ಣನ್ನು ಮತ್ತೊಮ್ಮೆ ಒತ್ತಿ, ತಾಯಿ ಮಗುವನ್ನು ಕೇಳುವ ದನಿಯಲ್ಲಿ, "ಇತ್ತೆ ಪನ್ಲೆ, ಈರೆಗ್ ದಾದೆತ ಪೋಡಿಗೆ?" ಎಂದರು. ಈಗ ಹೇಳಿ, ನಿಮಗೆ ಎಂಥದರ ಹೆದರಿಕೆ ಎಂದರ್ಥ. (ಮಂಗಳೂರಿನಲ್ಲಿ ಪೋಡಿ ಎಂದರೆ ಬಜ್ಜಿ, ನಾವು ತಿನ್ನುವಂಥದ್ದು. ಪೋಡಿಗೆ ಎಂದರೆ ನಮ್ಮನ್ನು ತಿನ್ನುವಂಥದ್ದು.)

ಯಾದವನ ಬಾಯಿ ತಾನಾಗಿ ತೆರೆದುಕೊಂಡಿತು. ಹೆದರಿಕೆ ಸಂಕದ್ದಲ್ಲ, ಮಾವನ ಕೈಯದ್ದು ಎಂದ. ವರ್ಟಿಗೋ ಸುಳ್ಳು, ತುಳುವಿನಲ್ಲಿ ತನಗೆ ಸುಳ್ಳು ಬರುವುದಿಲ್ಲ ಎಂದ. ಬಂಗುಡೆಯ ವಿಷಯಕ್ಕೆ ಬಂದಾಗ ಅವನಿಗೆ ಅಳುವೇ ಬಂತು. ಎಲ್ಲವೂ ಅಚ್ಚ ತುಳುವಿನಲ್ಲಿ. ತೊಕ್ಕೊಟ್ಟಿನ ವಿಷಯ ಬರುವ ಮೊದಲೇ ಕಣ್ಣು ತೆರೆದರೆ, ಬಾಗಿಲು ಅರ್ಧ ತೆರೆದಿತ್ತು. ಅಲ್ಲಿ ದಮಯಂತಿ ನಿಂತಿದ್ದಳು.

"ಹಿಪ್ನೋಸಿಸ್ ಮಾಡಿ ಹೇಳಿಸಿದ ಮಾತು ಲೆಕ್ಕಕ್ಕಿಲ್ಲ," ಎಂದು ಯಾದವ ತೊದಲಿದ.

"ಹಾಗೆಂತ ಇಲ್ಲ," ಎಂದರು ಡೆನ್ಜಿಲ್ ಪ್ರಾಮಾಣಿಕವಾಗಿ. "ಮನಸ್ಸಿಲ್ಲದೆ ಯಾರೂ ಏನೂ ಹೇಳುವುದಿಲ್ಲ. ನಿಮಗೆ ಹೇಳಬೇಕೂಂತಲೇ ಇತ್ತು."

ದಮಯಂತಿ ಬೈದಿದ್ದರೆ ಯಾದವನಿಗೆ ಧೈರ್ಯ ಬರುತ್ತಿತ್ತು. ಅವಳು ಆಟೋ ಹತ್ತಿ "ಉಳ್ಳಾಲ" ಎಂದಳು.

ಸಂಕ ಬಂತು. ಯಾದವ ಕೆಳಗೆ ನೋಡಿದ. ಎಂಟು ಸಲ ಓಡಿಸಿದ ಸಿನೆಮಾ ಒಂಬತ್ತನೆಯ ಸಲ ತಾನೇ ಓಡತೊಡಗಿತು. ನೀರು ಮೇಲೆ ಬಂತು, ಆಕಾಶ ಕೆಳಗೆ ಹೋಯಿತು. ಅವನು ಆಟೋದ ಸರಳನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡ.

"ತಲೆ ತಿರುಗ್ತದೆ. ಈ ಸಲ ನಿಜವಾಗಿ," ಎಂದು ಗಾಬರಿಯಲ್ಲಿ ಕನ್ನಡದಲ್ಲೇ ಕೂಗಿದ.

"ತುಳುವಿನಲ್ಲಿ ಹೇಳಿ ನೋಡುವ."

ಅವನು ತುಳುವಿನಲ್ಲೂ ಹೇಳಿದ.

"ಹನ್ನೆರಡು ವರ್ಷ ಪ್ರಾಕ್ಟೀಸ್ ಉಂಟಲ್ಲ," ಎಂದು ಅವಳು ಆಚೆ ತಿರುಗಿದಳು.

ಉಳ್ಳಾಲದಲ್ಲಿ ಅಳಿಯನನ್ನು ಕಂಡು ಮಾವನ ಕಣ್ಣು ತುಂಬಿತು, ಕೈ ಕುತ್ತಿಗೆಯ ಅಳತೆ ನೋಡಿತು. ಊಟಕ್ಕೆ ಕುಳಿತಾಗ ಅತ್ತೆ ಹೇಮಾಕ್ಷಿ ಮಗಳ ತಟ್ಟೆಗೆ ಬಂಗುಡೆ ಹಾಕಿದರು. "ಎರಡೇ ಸಾಕಾ ಮಗಾ? ಪ್ರತಿ ಆದಿತ್ಯವಾರ ನಾಲ್ಕು ತಿಂತಿದ್ದವಳು ನೀನು."

ಯಾದವನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಹನ್ನೆರಡು ವರ್ಷದ ಭಾರ ಎದೆಯಿಂದ ಜಾರಿ, ಅಲ್ಲಿ ಸಾತ್ವಿಕ ಕೋಪ ಬಂದು ಕುಳಿತಿತು.

"ಹರಕೆ ಎಂತ ಆಯ್ತು?"

"ಹರಕೆ 'ಈ ಮನೆಯಲ್ಲಿ' ಅಂತ. ಆ ಮನೆ ಸಂಕದ ಆಚೆ. ಇದು ಈಚೆ."

"ಅಂದ್ರೆ ನೀನು ಕೂಡ ನನಗೆ ಹನ್ನೆರಡು ವರ್ಷ ಮೋಸ ಮಾಡಿದ್ದಿ. ಈಗ ಸಮ ಸಮ ಆಯ್ತು."

ಜೀವಮಾನದಲ್ಲಿ ಮೊದಲ ಬಾರಿಗೆ ಅವನು ಹೆಂಡತಿಯೆದುರು ಎದೆ ಸೆಟೆಸಿ ಕುಳಿತ. ದಮಯಂತಿ ನಕ್ಕಳು. ಪ್ರೀತಿಯಿಂದೆಂಬಂತೆ ಅವನ ಎಡಗೈಯನ್ನು ತನ್ನ ಕೈಗೆ ತೆಗೆದುಕೊಂಡಳು. ಕಿರುಬೆರಳಿನ ಗೆಣ್ಣು ಅವಳ ಹೆಬ್ಬೆರಳಿಗೆ ಸಿಕ್ಕಿತು. ಅರ್ಧ ತೆರೆದ ಬಾಗಿಲಿನಿಂದ ಅವಳು ಎಲ್ಲವನ್ನೂ ನೋಡಿದ್ದಳೆಂಬುದು ಯಾದವನಿಗೆ ಹೊಳೆಯುವಷ್ಟರಲ್ಲಿ ತಡವಾಗಿತ್ತು.

"ಸಮ ಸಮವಾ?" ಅವಳು ಮೆತ್ತಗೆ, ಡೆನ್ಜಿಲರದೇ ದನಿಯಲ್ಲಿ, ಅಚ್ಚ ತುಳುವಿನಲ್ಲಿ ಕೇಳಿದಳು. "ಈ ಹನ್ನೆರಡು ವರ್ಷದಲ್ಲಿ ನೀವು ಎಷ್ಟು ಸಲ ಈ ಸಂಕ ದಾಟಿದ್ದೀರಿ?"

ಯಾದವ ಹಲ್ಲು ಕಚ್ಚಿದ. ತುಟಿ ಬಿಗಿದ. ಬೆನ್ನ ಹಿಂದೆ ಮಾವ ಬಂದು ನಿಂತು ಎರಡೂ ಅಂಗೈಗಳನ್ನು ಉಜ್ಜಿಕೊಳ್ಳುವುದು ಕೇಳಿಸಿತು. ಗೆಣ್ಣಿನ ಮೇಲೆ ಹೆಬ್ಬೆರಳು ಇನ್ನಷ್ಟು ಒತ್ತಿತು.

"ಪದಿನಾಲ್," ಎಂದಿತು ಅವನ ಬಾಯಿ.