ಕೊಟ್ಟು ತೆಗೆದುಕೊಳ್ಳತಕ್ಕದ್ದು

ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರೆ. ಬೈರಾಪಟ್ಟಣದ ಬೀರಲಿಂಗಯ್ಯನ ಕುರಿ ಕೊಟ್ಟಿಗೆ ಗೋಡೆಗೆ ಇರಲಿಲ್ಲ. ಹೊಸ ಫ್ಯಾಕ್ಟರಿಯ ಲಾರಿ ಹಾರನ್ ಹೊಡೆದುಕೊಂಡೇ ಹಿಂದಕ್ಕೆ ಬಂತು, ಗೋಡೆ ಪೂರ್ತಿ ಮಲಗಿತು.

ಗಾರೆ ಕೆಲಸದವನು ಎಂಟು ಸಾವಿರ ಆಗುತ್ತದೆ ಅಂದ. ಫ್ಯಾಕ್ಟರಿಯವರು ಬಿಡಿಗಾಸು ಕೊಡುವುದಿಲ್ಲ ಅಂದರು. ಎಂಟು ಸಾವಿರಕ್ಕೇ ದಾವೆ ಹಾಕಲು ಹೊರಟವನನ್ನು ಪಕ್ಕದ ಮನೆ ಗಂಗರಾಜು ತಡೆದ.

"ಲೇ ಬೀರ, ಅಷ್ಟು ದೊಡ್ಡ ಫ್ಯಾಕ್ಟ್ರಿನ ಎಂಟು ಸಾವ್ರ ಕೇಳ್ತೀಯಲ್ಲ, ನಾಚ್ಕೆ ಆಗಾಕಿಲ್ವಾ? ಲಕ್ಷ ಕೇಳ್ಲಾ. ಕೇಳಾಕೇನು ಕಾಸಾ?"

ಕೇಳುವುದಕ್ಕೂ ಕಾಸು ಅಂತ ಆಗ ಯಾರೂ ಹೇಳಲಿಲ್ಲ.

ಲಕ್ಷಕ್ಕೇ ದಾವೆ ಬಿತ್ತು, ಮೂರು ವರ್ಷ ಕೇಸು ನಡೆಯಿತು. ಅಷ್ಟೂ ದಿನ ಕುರಿಗಳು ಪಡಸಾಲೆಯಲ್ಲಿ, ಬೀರಲಿಂಗಯ್ಯ ಜಗಲಿಯಲ್ಲಿ. ಹೆಂಡತಿ ಸರಸಮ್ಮ ದೇವರನ್ನೂ ಗಂಡನನ್ನೂ ಕೇಳಿಕೊಂಡಿದ್ದು ಒಂದೇ, ಒಂದು ಗೋಡೆ.

2007ರ ಜನವರಿಯಲ್ಲಿ ತೀರ್ಪು. ತಾನೇ ಫಿರ್ಯಾದಿ ಅನ್ನುವ ಹಾಗೆ ಇಸ್ತ್ರಿ ಅಂಗಿ ಹಾಕಿಕೊಂಡು ಗಂಗರಾಜು ಚನ್ನಪಟ್ಟಣದ ಕೋರ್ಟಿಗೆ ಜೊತೆಯಲ್ಲಿ ಬಂದ. ಜಡ್ಜು ಸಾಹೇಬರು ಓದಿದರು: ಫ್ಯಾಕ್ಟರಿಯವರು ಎಂಟು ಸಾವಿರ ಪರಿಹಾರ ಕೊಡತಕ್ಕದ್ದು; ಉಭಯ ಪಕ್ಷದವರೂ ಪ್ರಮಾಣಾನುಸಾರ ಖರ್ಚು ಕೊಟ್ಟು ತೆಗೆದುಕೊಳ್ಳತಕ್ಕದ್ದು. ಗಂಗರಾಜು ಊರಿಗೆ ಸುದ್ದಿ ಮುಟ್ಟಿಸಲು ಫೋನ್ ಬೂತಿಗೆ ಓಡಿದ. ಆಮೇಲೆ ಅವನ ಪತ್ತೆಯೇ ಇಲ್ಲ.

ಲಾಯರ್ ಮನೋಹರ್ ಬಿಡುವಾಗಿ ಕೈಗೆ ಸಿಗುವಷ್ಟರಲ್ಲಿ ಸಂಜೆ ನಾಲ್ಕು.

"ಎಂಟು ಸಾವ್ರ ಯಾವಾಗ ಬತ್ತದೆ ಸಾರ್?"

"ಬರಲ್ಲ ಬೀರಲಿಂಗಯ್ಯನೋರೆ. ನೀವು ಕೇಳಿದ್ದು ನೂರು ಪಾಲು, ಗೆದ್ದಿದ್ದು ಎಂಟು. ಮಿಕ್ಕ ತೊಂಬತ್ತೆರಡು ಸೋತ ಹಾಗೆ. ಅವರ ಕೋರ್ಟು ಖರ್ಚು, ಲಾಯರ್ ಫೀಸಲ್ಲಿ ಅಷ್ಟು ಪಾಲು ನಿಮ್ಮ ತಲೆ ಮೇಲೆ. ನಿಮ್ಮ ಖರ್ಚಲ್ಲಿ ಅವರು ಕೊಡೋದು ಎಂಟು ಪಾಲು. ಆ ಎಂಟು ಸಾವಿರಾನೂ ಮುರ್ಕೊಂಡು, ಇನ್ನೂ ಸಾವಿರದೈನೂರು ನೀವೇ ಕೊಡ್ಬೇಕಾಗುತ್ತೆ."

ಬೀರಲಿಂಗಯ್ಯನಿಗೆ ಮೈಯೆಲ್ಲ ಉರಿದುಹೋಯಿತು. "ಗೋಡೆ ನಂದು, ಬೀಳ್ಸಿದ್ದು ಅವ್ರು, ಗೆದ್ದಿದ್ದು ನಾನು. ದುಡ್ಡೂ ನಾನೇ ಕೊಡ್ಬೇಕಾ? ಎಂಟೇ ಸಾವ್ರ ಕೇಳಿದ್ರೆ ಏನಾಗ್ತಿತ್ತು?"

"ಪೂರ್ತಿ ಸಿಗ್ತಿತ್ತು, ಖರ್ಚೂ ಸೇರಿ," ಅನ್ನುತ್ತಾ ಮನೋಹರ್ ಮುಂದಿನ ಕೇಸಿನ ಫೈಲು ಬಿಚ್ಚಿದರು.

ಗೋಡೆ ಕೆಡವಿದವನ ವಕೀಲನಿಗೆ ಗೋಡೆ ಕಳಕೊಂಡವನು ಫೀಸು ಕೊಡುವುದು ಯಾವ ಸೀಮೆ ನ್ಯಾಯ? ಬಸ್ಸಿನಲ್ಲಿ ಬೀರಲಿಂಗಯ್ಯ ಕಂಡಕ್ಟರನ್ನೇ ಕೇಳಿದ. ಅವನು ಚಿಲ್ಲರೆ ಕೊಡಿ ಅಂದ.

ಮನೆ ಮುಂದೆ ಶಾಮಿಯಾನ ಎದ್ದಿತ್ತು, ಬಾಡಿನ ಸಾರು ಬೀದಿಗೆಲ್ಲ ಘಮ್ಮೆನ್ನುತ್ತಿತ್ತು. ಇದ್ದುದರಲ್ಲೇ ಕೊಬ್ಬಿದ ಟಗರು ಕಡಿಸಿ ಸರಸಮ್ಮ ಊರಿಗೇ ಊಟ ಹಾಕಿಸಿದ್ದಳು. ಗಂಗರಾಜು ಮೂಳೆ ಚೀಪುತ್ತಿದ್ದ. ಅವನ ಪಕ್ಕದಲ್ಲಿ ಫ್ಯಾಕ್ಟರಿ ಮ್ಯಾನೇಜರು ಮುದ್ದೆ ಮುರಿಯುತ್ತಿದ್ದರು.

ಬೀರಲಿಂಗಯ್ಯ ಹೆಂಡತಿಯನ್ನು ಮೂಲೆಗೆ ಕರೆದ. "ಈವಯ್ಯನ್ನ ಯಾಕಮ್ಮಿ ಕರ್ದೆ?"

"ಗಂಗರಾಜಣ್ಣ ಫೋನ್ನಾಗೆ ಹೇಳ್ತು. ನಾವು ಗೆದ್ವಂತೆ, ಇನ್ಮ್ಯಾಲೆ ಫ್ಯಾಕ್ಟ್ರಿಯೋರ್ಗೂ ನಮ್ಗೂ ಕೊಟ್ಟು ತಗೊಳ್ಳೋದು ಅಂತ ಜಡ್ಜೇ ಅಂದವ್ರೆ ಅಂತ. ಕೊಟ್ಟು ತಗೊಳ್ಳೋರ್ನ ಬುಟ್ಟು ಉಣ್ಣಾಕಾಯ್ತದಾ? ನಾನೇ ಹೋಗಿ ಎಲೆ ಅಡಿಕೆ ಕೊಟ್ಟು ಕರ್ದೆ."

ಮ್ಯಾನೇಜರು ತಲೆಯೆತ್ತಿ ನಕ್ಕರು. "ಬನ್ನಿ ಯಜಮಾನ್ರೆ. ಸಾವಿರದೈನೂರು ಅಂತ ನಮ್ಮ ಲಾಯರ್ ಹೇಳಿದ್ರು. ಅವಸರ ಏನಿಲ್ಲ, ಮಾರ್ಚ್ ಒಳಗೆ ಕೊಡಿ."

ಉಣ್ಣಲು ಕೂತವರನ್ನು ಬೈದು ಎಬ್ಬಿಸುವುದು ಆ ಮನೆಯಲ್ಲಿ ಯಾವತ್ತೂ ಇರಲಿಲ್ಲ. ಬೀರಲಿಂಗಯ್ಯ ಹಲ್ಲು ಕಚ್ಚಿಕೊಂಡು ಹೆಂಡತಿಗೆ ಹೇಳಿದ:

"ಬೀಗ್ರಿಗೆ ಇನ್ನೊಂದೊಸಿ ಸಾರು ಬುಡಮ್ಮಿ."