ಎದುರಾಬದುರಾ ಉಣ್ಣಾಕ ಮೈಸೂರಿಗೆ ಹೋಗಿದ್ದು

ಮೈಸೂರಿಗೆ ಹೋಗಿ ಎರಡು ದಿನ ಇದ್ದು ಬರೋದು ಏನು ದೊಡ್ಡ ಮಾತು ಬಿಡ್ರಿ! ಬಸ್ ಹತ್ತಬೇಕು, ಇಳೀಬೇಕು, ಅರಮನಿ ನೋಡಬೇಕು, ಹೋಟೆಲಿನ್ಯಾಗ ತಿನ್ನಬೇಕು, ಮತ್ತ ಬಸ್ ಹತ್ತಬೇಕು. ಇಷ್ಟಕ್ಕ ಬುದ್ಧಿ ಬೇಕೇನು? ನಾನೂ ಹಂಗ ಅನಕೊಂಡಿದ್ದೆ.

ಖರೇ ಹೇಳಬೇಕಂದ್ರ ನನಗ ಅರಮನಿ ಬೇಕಾಗಿದ್ದಿಲ್ಲ. ಆನಿ, ಹುಲಿ, ಜಿರಾಫೆ ಯಾವುದೂ ಬೇಕಾಗಿದ್ದಿಲ್ಲ. ನನಗ ಬೇಕಾಗಿದ್ದು ಒಂದು ಮೇಜು, ಎರಡು ಕುರ್ಚಿ. ಒಂದರಾಗ ನಮ್ಮ ಮನಿಯವರು, ಇನ್ನೊಂದರಾಗ ನಾನು. ಇಬ್ಬರೂ ಎದುರಾಬದುರಾ ಕುಂತು ಬಿಸಿಬಿಸಿ ಏನರ ತಿನ್ನಬೇಕು. ಇಷ್ಟೇ!

ನಗಬ್ಯಾಡ್ರಿ. ಕೊಟ್ಟೂರಾಗ ನಮ್ಮದು ತುಂಬಿದ ಮನಿ. ಅತ್ತಿ, ಮಾವ, ಮೈದುನರು, ಅವರ ಸಂಸಾರ. ಗಂಡಸರ ಪಂಕ್ತಿ ಮೊದಲು, ಆಮ್ಯಾಲೆ ಹುಡುಗರು, ಕಡೀಕ ಅಡಿಗಿಮನ್ಯಾಗ ನಾವು ಹೆಂಗಸರು. ಲಗ್ನ ಆಗಿ ಬಂದಾಗಿಂದ ನಮ್ಮ ಮನಿಯವರು ಉಣ್ಣೋದನ್ನ ನಾನು ಮ್ಯಾಲಿಂದನೇ ನೋಡೀನಿ, ಕೈಯಾಗ ಸಾರಿನ ಪಾತ್ರಿ ಹಿಡಕೊಂಡು. ಅವರ ನೆತ್ತಿ ಮ್ಯಾಲಿನ ಕೂದಲ ಉದುರಾಕ ಹತ್ಯಾವು ಅಂತ ಊರಾಗ ಮೊದಲು ಕಂಡುಹಿಡಿದಾಕಿ ನಾನೇ! ಆದ್ರ ಉಣ್ಣುವಾಗ ಅವರ ಮುಖ ಹೆಂಗಿರತೈತಿ ಅಂತ ಕೇಳಿದ್ರ, ದೇವರಾಣಿ ಗೊತ್ತಿಲ್ಲ.

ಒಮ್ಮೆ ಅತ್ತಿ ಕಣ್ಣು ತೋರಿಸಾಕ ದಾವಣಗೆರಿಗೆ ಹೋದಾಗ ಒಂದು ಹೋಟೆಲಿನ ಕಿಟಕ್ಯಾಗ ಗಂಡ ಹೆಂಡ್ತಿ ಕುಂತಿದ್ದು ಕಂಡೆ. ಆಕಿ ಏನೋ ಅಂದ್ಲು. ಅವನು ಬಾಯಾಗ ದೋಸಿ ಇಟ್ಟುಕೊಂಡೇ ನಕ್ಕ. ಅಷ್ಟೇ ನೋಡ್ರಿ. ಡಾಕ್ಟರು ಹನಿ ಹಾಕಿದ್ದು ಅತ್ತಿ ಕಣ್ಣಿಗೆ, ನೀರು ಬಂದಿದ್ದು ನನ್ನ ಕಣ್ಣಾಗ! ಅವತ್ತಿಂದ ಆ ಆಸಿ ಎದ್ಯಾಗ ಕುಂತುಬಿಡ್ತು.

ನಮ್ಮ ಮನಿಯವರು ಕೂಡ್ಲಿಗಿ ಕಡೆ ಒಂದು ಹೈಸ್ಕೂಲಿನ್ಯಾಗ ಡ್ರಿಲ್ ಮಾಸ್ತರು. ಕೆಟ್ಟವರಲ್ಲ. ಆದ್ರ ಏಳೋದು, ಜಳಕ, ಊಟ ಎಲ್ಲಾ ಸೀಟಿ ಊದಿದಂಗ ಮಾಡಿ ಮುಗಿಸ್ತಾರ. ಬೇಸಿಗಿ ರಜಾ ಬಿಟ್ಟಿತ್ತು. ಮನಿಮನಿಗೆ ಫೋನ್ ಬರೋಕ್ಕಿಂತ ಮೊದಲಿನ ಮಾತಿದು. ಬಿಸಿಲಿಗೆ ಗೋಡಿ ಮುಟ್ಟಿದ್ರ ಕೈ ಸುಡ್ತಿತ್ತು, ಕರೆಂಟು ನೆಂಟರಂಗ ಬಂದು ಬಂದು ಹೋಗ್ತಿತ್ತು. ಅಂಥ ಒಂದು ಮಧ್ಯಾಹ್ನ ಅತ್ತಿ ಮುಂದ ಕುಂತು, "ಚಾಮುಂಡಿಗೆ ಹರಕಿ ಹೊತ್ತೀನ್ರಿ" ಅಂದೆ.

"ಮನಿ ಬಾಜೂಕ ಕೊಟ್ಟೂರಯ್ಯ ಕುಂತಾನ. ಅವನ್ನ ಬಿಟ್ಟು ಅಷ್ಟು ದೂರದ ದೇವರಿಗೆ ಯಾಕ ಹರಕಿ ಹೊತ್ತಿ?" ಅಂದ್ರು ಅತ್ತಿ.

"ಕನಸಿನ್ಯಾಗ ಬಂದು ಕರದ್ಲುರಿ!"

ದೇವಿ ತಾನಾಗೇ ಕರದ ಮ್ಯಾಲೆ ಅತ್ತಿ ಬ್ಯಾಡ ಅಂತಾರೇನು? "ಹೋಗಿ ಬರ್ರಿ. ಆದ್ರ ಹೋಟೆಲ್ ಕೂಳು ತಿಂದು ಹೊಟ್ಟಿ ಕೆಡಿಸ್ಕೋಬ್ಯಾಡ್ರಿ" ಅಂತ ಒಂದು ದೊಡ್ಡ ಗಂಟು ಕಟ್ಟಿ ಕೊಟ್ರು. ಅದರಾಗ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮಂಡಕ್ಕಿ. ಇಬ್ಬರಿಗಲ್ಲ, ಒಂದು ಬಸ್ಸಿನ ಮಂದಿಗೆ ಆಗೋವಷ್ಟು! ನನ್ನ ಮೇಜು ಕುರ್ಚಿಗೆ ಮೊದಲ ಕಲ್ಲು ಬಿತ್ತು.

ಅರಮನ್ಯಾಗ ಅವರು ಮುಂದ, ನಾನು ಹಿಂದ. ಬಣ್ಣದ ಗಾಜು, ಕೆತ್ತಿದ ಬಾಗಿಲು, ದೊಡ್ಡ ದೊಡ್ಡ ಕಂಬ ಅಂತ ಎಲ್ಲರೂ ಹೊಗಳ್ತಾರ. ನಾನು ಕಂಡಿದ್ದು ನಮ್ಮ ಮನಿಯವರ ಬೆನ್ನು. "ಲಗೂ ಬಾ ಲೇ ಗಿರಿಜಾ, ಇನ್ನೂ ಮೃಗಾಲಯ ಐತಿ" ಅಂತ ಹೊಂಟೇಬಿಟ್ರು. ಹೊರಗ ಬಂದು ಒಂದು ಗಿಡದ ಕೆಳಗಿನ ಕಲ್ಲುಬೆಂಚಿನ ಮ್ಯಾಲೆ ಕುಂತು, "ಗಂಟು ಬಿಚ್ಚು" ಅಂದ್ರು.

"ಹೋಟೆಲಿಗೆ ಹೋಗೋಣಲ್ರಿ?"

"ರೊಟ್ಟಿ ಹಂಗೇ ವಾಪಸ್ ಒಯ್ದ್ರ ಅವ್ವ ಸುಮ್ಮನ ಬಿಡ್ತಾಳೇನು?"

ನಾನು ರೊಟ್ಟಿ ಕೊಟ್ಟೆ, ಅವರು ರಸ್ತಾ ನೋಡಕೋತ ತಿಂದ್ರು. ಇದಕ್ಕ ಮೈಸೂರಿಗೆ ಬರಬೇಕಿತ್ತೇನು! ನಾನು ಒಂದು ತುತ್ತೂ ಮುಟ್ಟಲಿಲ್ಲ. ಹೋಟೆಲಿಗಂತ ಹೊಟ್ಟಿ ಖಾಲಿ ಇಟ್ಟುಕೊಂಡಿದ್ದೆ. ಎದ್ದು ಹೋಗುವಾಗ ಗಂಟನ್ನ ಅಲ್ಲೇ ಬೆಂಚಿನ ಮ್ಯಾಲೆ ಮರತಂಗ ಮಾಡಿ ಬಿಟ್ಟು ನಡದೆ. ಎಂಥ ಶಾಣ್ಯಾಕಿ ನಾನು ಅಂತ ಒಳಗೊಳಗ ಹಿಗ್ಗಿ ಹತ್ತು ಹೆಜ್ಜಿ ಹಾಕಿರಲಿಲ್ಲ, ಕಾವಲುಗಾರ ಓಡಿ ಬಂದ.

"ಅಮ್ಮಾ, ಅಮ್ಮಾ! ನಿಮ್ಮ ಗಂಟು ಬಿಟ್ಟು ಹೋಗ್ತಾ ಇದೀರಲ್ಲಾ!"

ಮೈಸೂರು ಮಂದಿ ಭಾಳ ಒಳ್ಳೆಯವರು. ಅದೇ ನನಗ ಮುಳುವಾತು. ನಮ್ಮ ಮನಿಯವರು ಮೃಗಾಲಯದ ಬಾಗಿಲತನಕ ನನಗ ಜವಾಬ್ದಾರಿ ಅಂದ್ರ ಏನು ಅಂತ ಪಾಠ ಮಾಡಿದ್ರು.

ಸಂಜಿಗೆ ಹಟ ಹಿಡಿದು ಒಂದು ಹೋಟೆಲಿಗೆ ಎಳಕೊಂಡು ಹೋದೆ. ನೋಡಿದ್ರ ಒಂದು ಕುರ್ಚಿನೂ ಇಲ್ಲ! ಎಲ್ಲರೂ ಗೋಡಿಗೆ ಮುಖ ಮಾಡಿ ನಿಂತು ತಿನ್ನಾಕ ಹತ್ಯಾರ. ನಮ್ಮ ಮನಿಯವರಿಗೆ ಸ್ವರ್ಗ ಸಿಕ್ಕಂಗಾತು. "ಇದಪ್ಪಾ ಹೋಟೆಲ್ ಅಂದ್ರ! ಟೈಮ್ ವೇಸ್ಟೇ ಇಲ್ಲ" ಅಂದು ಎರಡು ಇಡ್ಲಿ ನುಂಗಿ ಹೊರಗ ನಿಂತ್ರು. ನಾನು ಗೋಡ್ಯಾಗಿನ ಒಂದು ಹಲ್ಲಿ ಎದುರಿಗೆ ನಿಂತು ಇಡ್ಲಿ ತಿಂದೆ.

ಮರುದಿನ ಮುಂಜಾನಿ ಚಾಮುಂಡಿ ಬೆಟ್ಟ. ಅಲ್ಲಿ ಒಂದು ಮಂಗ್ಯಾ ಬಂದಿದ್ದೇ ಗಂಟು ಕಸಗೊಂಡು ಓಡ್ತು. "ತಾಯೀ, ಹೊತ್ತಿರದ ಹರಕಿನೂ ತೀರಿಸಿದೆಲ್ಲಾ!" ಅಂತ ಕೈಮುಗದೆ. ಮಂಗ್ಯಾ ಕಟ್ಟಿ ಮ್ಯಾಲೆ ಕುಂತು ಒಂದು ರೊಟ್ಟಿ ಕಡೀತು. ತಿರುವಿ ನೋಡ್ತು. ಇನ್ನೊಮ್ಮೆ ಕಡೀತು. ನಮ್ಮ ಕಡಕ್ ರೊಟ್ಟಿ ಮೈಸೂರು ಮಂಗ್ಯಾನ ಹಲ್ಲಿಗೆ ಬಗ್ಗಲಿಲ್ಲ! ಮಂಡಕ್ಕಿ ಚೀಲ ಬಗಲಾಗ ಇಟ್ಟುಕೊಂಡು ರೊಟ್ಟಿ ನಮ್ಮ ಕಡೆ ಒಗೀತು. "ಒಳಗಿನವು ಚೊಕ್ಕ ಅದಾವ" ಅಂತ ನಮ್ಮ ಮನಿಯವರು ಆರಿಸಿ ತಂದ್ರು.

ನನಗ ತಡಕೊಳ್ಳಾಕ ಆಗಲಿಲ್ಲ. ಮೆಟ್ಟಿಲ ಮ್ಯಾಲೆ ಕುಂತು ಅತ್ತೇಬಿಟ್ಟೆ. "ನನಗ ಕುಂತು ಉಣ್ಣೋ ಹೋಟೆಲ್ ಬೇಕು! ನಿಮ್ಮ ಜೊತಿಗೆ!"

"ಅಷ್ಟಕ್ಕ ಅಳ್ತಾರೇನು? ನಡಿ" ಅಂದ್ರು. ಪಾಪ, ಖರೇನೇ ಗಾಬರಿ ಆಗಿದ್ರು.

ಮಧ್ಯಾಹ್ನದ ಹೋಟೆಲಿನ್ಯಾಗ ಕುರ್ಚಿ ಇದ್ದವು, ಮೇಜು ಇದ್ದವು, ಜಾತ್ರಿಯಂಗ ಮಂದಿ ಇದ್ರು. "ಸಾರ್, ಇಲ್ಲೊಂದೇ ಸೀಟು, ನೀವು ಕೂತ್ಕೊಳಿ. ಮೇಡಂ ಫ್ಯಾಮಿಲಿ ರೂಮಿಗೆ ಬರ್ಲಿ" ಅಂತ ಮಾಣಿ ನಮ್ಮನ್ನ ಬ್ಯಾರೆ ಮಾಡಿದ. ಫ್ಯಾಮಿಲಿ ರೂಮಿನ್ಯಾಗ ಎಲ್ಲರ ಫ್ಯಾಮಿಲಿ ಇತ್ತು, ನನ್ನದೊಂದು ಬಿಟ್ಟು! ನಡುವ ಒಂದು ಹಲಿಗಿ ಗೋಡಿ. ಅದರ ಆಚಿಂದ ಅವರ ದನಿ ಕೇಳಿಸ್ತಿತ್ತು: "ಇನ್ನಷ್ಟು ಸಾರು ಹಾಕಪ್ಪ." ಬಡಸಾಕ ಎದ್ದು ನಿಂತೆ ನೋಡ್ರಿ ನಾನು. ಬಾಜೂಕಿನಾಕಿ, "ಏನ್ ಬೇಕಿತ್ತು?" ಅಂದ್ಲು. ಸೀರಿ ನೆರಿಗಿ ಸರಿ ಮಾಡಿದಂಗ ಮಾಡಿ ಕುಂತೆ.

ಬಸ್ ಹತ್ತೋಕ್ಕಿಂತ ಮೊದಲು, ಸಂಜೀಕ, ದೇವರು ಕಣ್ಣು ತೆರದ. ಒಂದು ಸಣ್ಣ ಹೋಟೆಲು, ಕಿಟಕಿ ಬಾಜೂಕ ಮೇಜು, ಮ್ಯಾಲೆ ಫ್ಯಾನು, ಎರಡೇ ಕುರ್ಚಿ. ನಮ್ಮ ಮನಿಯವರು ಕುಂತ್ರು. ಅವರ ಎದುರಿಗೆ ನಾನು ಕುಂತೆ. ಎರಡು ಮಸಾಲಿ ದೋಸಿ ಬಂದ್ವು. ಸಮಸ್ತ ಬಂಧು ಬಾಂಧವರಿಗೆ ತಿಳಿಯಪಡಿಸುವುದೇನೆಂದರೆ, ನನ್ನ ಜೀವಮಾನದ ಪರಮ ಶುಭ ಮುಹೂರ್ತವು ಸನ್ನಿಹಿತವಾಗಿತ್ತು!

ನನ್ನ ಕೈ ಏನು ಮಾಡ್ತು ಗೊತ್ತೇನ್ರಿ? ನನ್ನ ಚಟ್ನಿ ಬಟ್ಟಲ ಎತ್ತಿ ಅವರ ತಟ್ಟಿಗೆ ಸುರೀತು. ಆಮ್ಯಾಲೆ ಸಾಂಬಾರು. ಆಮ್ಯಾಲೆ ನೀರಿನ ಗ್ಲಾಸು ಸರಿಸಿತು. ಯಾವಾಗ ಎದ್ದು ನಿಂತೆ ಅಂತ ನನಗೇ ಗೊತ್ತಿಲ್ಲ!

"ಅಮ್ಮಾ, ಏನ್ ಬೇಕೋ ಹೇಳಿ, ನಾನ್ ತಂದ್ಕೊಡ್ತೀನಿ. ನೀವು ಕೂತ್ಕೊಳಿ" ಅಂದ ಮಾಣಿ. ಬಾಜೂ ಮೇಜಿನವರು ನಕ್ರು.

ಕುಂತೆ. ಒಂದು ತುಂಡು ಮುರದು ಬಾಯಿತನಕ ಒಯ್ದೆ. ಆಗ ಅವರು ತಲಿ ಎತ್ತಿ ನೋಡಿದ್ರು. ಮೀಸಿಗೆ ಚಟ್ನಿ ಹತ್ತಿತ್ತು, ಒಂದು ಗಲ್ಲ ಉಬ್ಬಿತ್ತು, ಕಣ್ಣು ಸಣ್ಣ ಹುಡುಗರಂಗ ಮಿಂಚ್ತಿದ್ವು. ಎಷ್ಟು ಚಂದ ಅದಾರಲ್ಲಾ ಇವರು ಅನಿಸ್ತು. ಅಷ್ಟು ಅನಿಸಿದ್ದೇ ತಡ, ನನ್ನ ಬಾಯಿ ಗಪ್ಪನ ಮುಚ್ಚಿಕೊಂತು. ಇವರ ಕಣ್ಣ ಮುಂದ ಬಾಯಿ ಹೆಂಗ ತೆರೀಲಿ? ಹೆಂಗ ಅಗೀಲಿ? ಲಗ್ನದ ದಿನಾನೂ ನನಗ ಅಷ್ಟು ನಾಚಿಕಿ ಬಂದಿದ್ದಿಲ್ಲ. ತುಂಡು ತಟ್ಟಿಗೆ ವಾಪಸ್ ಇಟ್ಟೆ.

"ಯಾಕ, ಸೇರಲಿಲ್ಲೇನು?"

"ನೀವು ತಿನ್ರಿ. ನಾನು ಆಮ್ಯಾಲೆ ತಿಂತೀನಿ" ಅಂದೆ.

"ಆಮ್ಯಾಲೆ ಯಾವಾಗ? ಬಸ್ಸಿಗೆ ಟೈಮಾತು! ಹಸಿವಿಲ್ಲಂದ್ರ ಮೊದಲೇ ಹೇಳಬಾರದೇನು?" ಅಂದವರೇ ನನ್ನ ತಟ್ಟಿ ಎಳಕೊಂಡ್ರು. ಡ್ರಿಲ್ ಮಾಸ್ತರಿಗೆ ಅನ್ನ ಕೆಡಿಸಿ ಗೊತ್ತಿಲ್ಲ. ಎರಡು ಸೀಟಿ ಊದೋದ್ರಾಗ ನನ್ನ ದೋಸಿ ಮಾಯ!

ಊರಿಗೆ ಬಂದ ದಿನ ಗಂಡಸರ ಪಂಕ್ತಿ ಎದ್ದ ಮ್ಯಾಲೆ ಅಡಿಗಿಮನ್ಯಾಗ ನಾವು ಉಣ್ಣಾಕ ಕುಂತ್ವಿ. ಸಣ್ಣ ಮೈದುನನ ಹೆಂಡ್ತಿ ವಿಶಾಲಿ, ಹೊಸದಾಗಿ ಬಂದಾಕಿ, ಮೆಲ್ಲಕ ಸರಿದು ಬಂದು ಕೇಳಿದ್ಲು: "ಅಕ್ಕಾ, ಹೋಟೆಲಿನ್ಯಾಗ ಇಬ್ಬರೂ ಕೂಡೇ ಕುಂತು ತಿಂದ್ರೇನು?"

"ಮತ್ತೇನು! ಎದುರಾಬದುರಾ!" ಅಂದೆ. ಕುಂತಿದ್ದಂತೂ ಖರೇ ಅಲ್ಲೇನ್ರಿ?

ವಿಶಾಲಿ ತುತ್ತು ಕೈಯಾಗೇ ಹಿಡದ್ಲು. "ಭಾವ ಏನಂದ್ರು?"

ಈಗ ಸಿಕ್ಕಿಬಿದ್ದೆ. ಆ ಮೇಜನ್ನ ಮನಸಿನ್ಯಾಗ ಎಷ್ಟು ಸಲ ಹಾಕಿದ್ದೆ, ಎಷ್ಟು ಸಲ ಒರಿಸಿದ್ದೆ. ಆದ್ರ ಅವರ ಬಾಯಾಗ ಒಂದು ಮಾತು ಇಡೋದನ್ನೇ ಮರತಿದ್ದೆ. ಹೆಂಡ್ತಿ ಎದುರಿಗೆ ಕುಂತು ಉಣ್ಣುವಾಗ ಗಂಡಸರು ಏನಂತಾರ? ನನಗೇನು ಗೊತ್ತು?

"'ಇನ್ನೊಂದು ತರಿಸ್ಲೇನು ನಿನಗ' ಅಂದ್ರು" ಅಂದೆ.

"ಹಂಗಂದ್ರಾ!" ವಿಶಾಲಿ ಬಾಯಿ ತೆರದಾಕಿ ಮುಚ್ಚಲೇ ಇಲ್ಲ.

ಮೂಲ್ಯಾಗ ಕುಂತು ರೊಟ್ಟಿ ಮುರೀತಿದ್ದ ಅತ್ತಿ ಕೈ ನಿಂತ್ವು. ತಲಿ ಎತ್ತಲಿಲ್ಲ. ತಟ್ಟಿ ನೋಡಕೋತ ಸಣ್ಣ ದನ್ಯಾಗ ಕೇಳಿದ್ರು: "ಮತ್ತ... ತರಿಸಿದ್ನೇನು?"

"ಹೂನ್ರಿ ಅತ್ತಿ, ತರಿಸಿದ್ರು" ಅಂದೆ. ಅಂದು ಗಲ್ಲ ಕೆಂಪಾಗಿ ತಲಿ ತಗ್ಗಿಸಿದೆ. ತಿನ್ನದ ದೋಸಿಗೆ ನಾಚಿಕೊಂಡ ಹುಚ್ಚಿ ಈ ಜಿಲ್ಲಾದಾಗೆಲ್ಲಾ ನಾನೊಬ್ಬಾಕಿನೇ ಇರಬೇಕು ನೋಡ್ರಿ!